ಆರು ಗಂಟೆ ಓಡಿಸಿದರೂ ವ್ಯಾನಿನ ಹಿಂದಿನ ಬ್ಯಾಟರಿ ತುಂಬುತ್ತಿಲ್ಲ

ಗಾಲಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕ್ಯಾಂಪರ್ ವ್ಯಾನಿನದೊಂದು ಗೋಳು. ಲೈಟು, ನೀರಿನ ಪಂಪು, ಫ್ರಿಜ್ಜು ಎಲ್ಲ ನಡೆಯೋದು ಹಿಂದುಗಡೆ ಇರುವ 100 ಎಎಚ್ (ಆಂಪಿಯರ್-ಅವರ್) ಎಜಿಎಂ ಬ್ಯಾಟರಿಯಿಂದ, ಅಂದ್ರೆ ನೀರು ತುಂಬಿಸಬೇಕಿಲ್ಲದ ಲೆಡ್-ಆಸಿಡ್ ಜಾತಿಯದು. ಇಂಜಿನ್ ಓಡುವಾಗ ಆಲ್ಟರ್ನೇಟರಿನಿಂದ (ಇಂಜಿನ್ ತಿರುಗಿಸುವ ಜನರೇಟರ್) ರಿಲೇ (ತಾನಾಗೇ ಕೂಡಿಕೊಳ್ಳುವ ಸ್ವಿಚ್ಚು) ದಾಟಿ ಅದಕ್ಕೆ ಚಾರ್ಜ್ ಹೋಗಬೇಕು. ಮೊನ್ನೆ ಆರು ಗಂಟೆ ಓಡಿಸಿ ನಿಲ್ಲಿಸಿದೆವು. ರಾತ್ರಿ ಹತ್ತಕ್ಕೆಲ್ಲ ಪಂಪು ನರಳೋಕೆ ಶುರು. ಹಲ್ಲುಜ್ಜಲು ಹೋದ ಮಗಳು ಬಾಯ್ತುಂಬ ನೊರೆ ಇಟ್ಟುಕೊಂಡೇ ಬಂದು ನಿಂತಳು. ಬೆಳಗ್ಗೆ ನೋಡಿದರೆ 11.9 ವೋಲ್ಟ್.

ಅರ್ಥವಾಗದ್ದು ಏನಂದ್ರೆ, ನಿಲ್ಲಿಸಿದ ಕಡೆ ಹೊರಗಿನ ಕರೆಂಟಿಗೆ ಪ್ಲಗ್ ಹಾಕಿದರೆ ಇದೇ ಬ್ಯಾಟರಿ 14.4ರವರೆಗೆ ಏರಿ ಜಾಣನ ಹಾಗೆ ತುಂಬಿಕೊಳ್ಳುತ್ತೆ. ಮೆಕ್ಯಾನಿಕ್ ರಿಲೇ ಬದಲಾಯಿಸಿದರು. ರಿಲೇ ಹೊಸದಾಯ್ತು, ಗೋಳು ಹಳೇದೇ. ಫ್ಯೂಸ್ ಸರಿ ಇದೆ. ಇಂಜಿನ್ ಓಡುವಾಗ ಮುಂದಿನ, ಅಂದ್ರೆ ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ 14.1, ಹಿಂದಿನದರಲ್ಲಿ 12.9. ಮುಂದೇನು ನೋಡಲಿ?

ದಾರಿಬುತ್ತಿ:
ಬ್ಯಾಟರಿ ಮುಗೀತು ಬಿಡಿ. ತಿಂಗಳುಗಟ್ಟಲೆ ಅರೆಬರೆ ಚಾರ್ಜಿನಲ್ಲೇ ಇದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ. ನಂದೂ ಹೀಗೇ ಹೋಯ್ತು. ಹೊಸದು ಹಾಕಿ.

ತಂತಿಕೆಲಸ:
ದಾರಿಬುತ್ತಿಯವರೇ, ಸ್ವಲ್ಪ ತಡೀರಿ. ಪ್ಲಗ್ ಹಾಕಿದಾಗ ತುಂಬಿಕೊಳ್ಳುವ ಬ್ಯಾಟರಿ ಇಂಜಿನ್ ಓಡುವಾಗ ಮಾತ್ರ ಯಾಕೆ ಮುನಿಸಿಕೊಳ್ಳುತ್ತೆ? ಪ್ಲಗ್ಗಿನ ಚಾರ್ಜರ್‌ನ ಎರಡೂ ತಂತಿ ಸಾಮಾನ್ಯವಾಗಿ ನೇರ ಬ್ಯಾಟರಿಗೇ ಬಂದಿರುತ್ತವೆ. ಆಲ್ಟರ್ನೇಟರಿನ ಕರೆಂಟು ಮಾತ್ರ ವ್ಯಾನಿನ ಲೋಹದ ಬಾಡಿಯ ಮೂಲಕ ವಾಪಸ್ ಹೋಗಬೇಕು. ಎಲ್ಲರೂ ಪ್ಲಸ್ ತಂತಿ ಹಿಡಿದುಕೊಂಡೇ ಹುಡುಕ್ತಾರೆ, ಮೈನಸ್ ಕಡೆ ಯಾರೂ ತಿರುಗಿ ನೋಡಲ್ಲ. 12.9 ಅಂದರೆ ಚಾರ್ಜಿಂಗೇ ಅಲ್ಲ ಗಾಲಿಮನೆಯವರೇ, ತುಂಬಿದ ಬ್ಯಾಟರಿ ಸುಮ್ಮನೆ ಕೂತಿದ್ದರೂ 12.7ರ ಮೇಲೆ ತೋರಿಸುತ್ತೆ.

ಹೀಗೆ ಮಾಡಿ. ಇಂಜಿನ್ ಓಡುತ್ತಿರಲಿ, ಫ್ರಿಜ್ಜು ಲೈಟು ಎಲ್ಲ ಹಾಕಿ. ಕರೆಂಟು ಹರಿಯದಿದ್ದರೆ ಯಾವ ಕೆಟ್ಟ ಜಾಯಿಂಟೂ ಸಿಕ್ಕಿಬೀಳಲ್ಲ. ನಿಮ್ಮ ಫ್ಯೂಸ್ 'ಸರಿ ಇದೆ' ಅನ್ನೋದೂ ಮೀಟರಿನ ಬೀಪ್ ಕೇಳಿ ಹೇಳಿದ್ದಾದರೆ ನಾನು ನಂಬಲ್ಲ. ಮೀಟರಿನ ಒಂದು ಕಡ್ಡಿ ಮುಂದಿನ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಹಿಂದಿನದರ ಪ್ಲಸ್ ಮೇಲೆ. ಎಷ್ಟು ಬಂತು ಬರೆದುಕೊಳ್ಳಿ. ಆಮೇಲೆ ಮೈನಸ್‌ನಿಂದ ಮೈನಸ್‌ಗೆ. ಎರಡೂ ಕೂಡಿಸಿದರೆ ನಿಮ್ಮ ಕಳೆದುಹೋದ 1.2 ವೋಲ್ಟ್ ಬರಲೇಬೇಕು. ಉದ್ದ ತಂತಿ ಬೇಕಾಗುತ್ತೆ, ಫ್ಯಾನ್ ಬೆಲ್ಟಿನಿಂದ ದೂರ ಇರಲಿ.

ಗಾಲಿಮನೆ:
ಅಳೆದೆ. ಪ್ಲಸ್ ಕಡೆ 0.4. ಮೈನಸ್ ಕಡೆ 0.8! ಕ್ಲ್ಯಾಂಪ್ ಮೀಟರಿನಲ್ಲಿ (ತಂತಿ ಸುತ್ತ ಹಿಡಿದು ಕರೆಂಟು ಅಳೆಯೋದು) 20 ಆಂಪ್ ಹರೀತಿತ್ತು.

ತಂತಿಕೆಲಸ:
ಸಿಕ್ತಲ್ಲ! 0.8 ವೋಲ್ಟ್, 20 ಆಂಪ್ ಅಂದರೆ 16 ವ್ಯಾಟ್ ಯಾವುದೋ ಮೂಲೆಯಲ್ಲಿ ಬಿಸಿಯಾಗಿ ಹೋಗ್ತಿದೆ. ಹಿಂದಿನ ಬ್ಯಾಟರಿಯ ಮೈನಸ್ ತಂತಿ ಬಾಡಿಗೆ ಎಲ್ಲಿ ಕೂರುತ್ತೆ ಹುಡುಕಿ. ಕೈಯಿಟ್ಟರೆ ಗೊತ್ತಾಗುತ್ತೆ, ಜೋಪಾನ. ಪ್ಲಸ್ ಕಡೆಯ 0.4 ಅಷ್ಟು ದೊಡ್ಡದಲ್ಲ: 6 ಚದರ ಮಿಮೀ ತಾಮ್ರದ ತಂತಿ ಮೀಟರಿಗೆ ಸುಮಾರು 3 ಮಿಲಿಓಮ್, ಐದು ಮೀಟರ್ ಇದ್ದರೆ 0.3 ತಂತಿಯೇ ತಿನ್ನುತ್ತೆ.

ನಿಧಾನಗಾಲಿ:
ಮಧ್ಯೆ ಬಾಯಿ ಹಾಕ್ತೀನಿ. ಈಚಿನ ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತೆ, ಇಂಧನ ಉಳಿಸೋಕೆ ಅದು ತಾನಾಗೇ ವೋಲ್ಟೇಜ್ ಇಳಿಸುತ್ತೆ. ಅಂಥದ್ದಾದರೆ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕು, ಅಂದ್ರೆ ಆಲ್ಟರ್ನೇಟರ್ ಕೊಟ್ಟ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಬದಲಿಸಿ ಕೊಡುವ ಪೆಟ್ಟಿಗೆ. ಇವರ ಮುಂದಿನ ಬ್ಯಾಟರಿಯಲ್ಲಿ 14.1 ನಿಂತಿದೆ, ಹಾಗಾಗಿ ಅದಲ್ಲ ಅನ್ಸುತ್ತೆ. ಮುಂದೆ ಲಿಥಿಯಂ ಬ್ಯಾಟರಿ ಹಾಕೋ ಯೋಚನೆ ಇದ್ದರೂ ಅದೇ ಚಾರ್ಜರ್ ಹಾಕಿ. ಲಿಥಿಯಂ ಎಷ್ಟು ಕೊಟ್ಟರೂ ಎಳೀತದೆ, ಆಲ್ಟರ್ನೇಟರ್ ಕಾದುಬಿಡುತ್ತೆ.

ಗಾಲಿಮನೆ:
ಸಿಕ್ತು. ಸೀಟಿನ ಕೆಳಗೆ, ಮ್ಯಾಟ್ ಎತ್ತಿದರೆ ಒಂದು ಬೋಲ್ಟು. ವ್ಯಾನಿನ ಒಳಗನ್ನು ಕಟ್ಟಿದವರು ಪೇಂಟ್ ಕೆರೆಯದೆ ಅದರ ಮೇಲೇ ಲಗ್ (ತಂತಿ ತುದಿಯ ಲೋಹದ ಬಳೆ) ಕೂರಿಸಿ ಬಿಗಿದಿದ್ದಾರೆ. ಇಷ್ಟು ದಿನ ಬೋಲ್ಟಿನ ಥ್ರೆಡ್ಡಿನ ಮೂಲಕವೇ ಕರೆಂಟು ಹೇಗೋ ನುಸುಳಿಕೊಂಡು ಹೋಗ್ತಿತ್ತು ಅಂತ ಕಾಣುತ್ತೆ. ಲಗ್ ಸುತ್ತ ಹಸಿರು ಕಿಲುಬು, ತಂತಿಯ ಪ್ಲಾಸ್ಟಿಕ್ ಒಂದು ಬೆರಳಿನಷ್ಟು ಕಂದಿಹೋಗಿದೆ. ಎರಡೂ ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಲೋಹ ಹೊಳೆಯೋವರೆಗೂ ಎಮರಿ ಪೇಪರಿನಲ್ಲಿ ಉಜ್ಜಿದೆ. ಕಂದಿದ ತುದಿ ಕತ್ತರಿಸಿ ಹೊಸ ಲಗ್ ಒತ್ತಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ.

ಈಗ ಮೈನಸ್ ಕಡೆ 0.1. ಪ್ಲಸ್ ಕಡೆ 0.5 ಆಗಿದೆ, ಹೆಚ್ಚು ಕರೆಂಟು ಹೋಗ್ತಿರೋದಕ್ಕೆ ಅಲ್ವಾ? ಹಿಂದಿನ ಬ್ಯಾಟರಿಯಲ್ಲಿ 13.5.

ತಂತಿಕೆಲಸ:
ಹೌದು, ಅದಕ್ಕೇ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕರೆಂಟು ಇಳಿದು ಅದೂ ಕಮ್ಮಿಯಾಗುತ್ತೆ. ಬಿಡುವಾದಾಗ ಪ್ಲಸ್ ತಂತಿಯನ್ನು 16 ಚದರ ಮಿಮೀಗೆ ಏರಿಸಿ. ಎರಡೂ ಬ್ಯಾಟರಿಯ ಹತ್ತಿರ ಒಂದೊಂದು ಫ್ಯೂಸ್ ಇರಲೇಬೇಕು, ಮರೀಬೇಡಿ.

ದಾರಿಬುತ್ತಿ:
ನಾನು ಹೊಸ ಬ್ಯಾಟರಿ ಹಾಕಿ ವರ್ಷ ಆಯ್ತು. ಈಗ ನನ್ನ ಬೋಲ್ಟೂ ನೋಡ್ಬೇಕು.