ಬಟ್ಟೆ ಎಳೆದರೂ ಉಣುಗು ಸಿಗ್ತಿಲ್ಲ, ಸೊನ್ನೆ ಅಂತ ಬರೆದುಬಿಡಬಹುದಾ?

ಕಾನಂಚು

ಹೊಸನಗರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಹರಡೋ ಉಣುಗಿನ ಸಮೀಕ್ಷೆ ಡಿಸೆಂಬರ್ ಮೊದಲ ವಾರದಿಂದ ನಡೀತಿದೆ. ಬಿಳಿ ಮಲ್ ಬಟ್ಟೆ, ಒಂದು ಮೀಟರ್ ಉದ್ದಗಲ. ಬೆಳಿಗ್ಗೆ ಏಳೂವರೆಗೆ ಶುರು. ಕಾಡಿನ ನೆಲದ ಮೇಲೆ ನೂರು ಮೀಟರ್ ಒಂದೇ ಸಲಕ್ಕೆ ಎಳೆದು ಕೊನೆಯಲ್ಲಿ ಬಟ್ಟೆ ಮಗುಚಿ ನೋಡೋದು. ಹೆಚ್ಚಿನ ಕಡೆ ಸೊನ್ನೆ, ಒಂದು ಊರಲ್ಲಿ ಮಾತ್ರ ಒಂದೇ ಪೊದೆ ಹತ್ರ ಇನ್ನೂರು ಚಿಲ್ಲರೆ. ಆದರೆ ಅದೇ ಸೊನ್ನೆ ಊರುಗಳ ಕೊಟ್ಟಿಗೆಯಲ್ಲಿ ದನದ ಮೈತುಂಬ ಉಣುಗು! ಸೊನ್ನೆ ಬಂದ ಊರನ್ನು ಪಟ್ಟಿಯಿಂದ ಬಿಡಬಹುದಾ? ಸಿಕ್ಕಿದ್ದನ್ನು ಲ್ಯಾಬಿಗೆ ಸ್ಪಿರಿಟ್‌ನಲ್ಲಿ ಹಾಕಿ ಕಳಿಸಿದರೆ ಸಾಕಾ?

ದರಗು

ಬಿಡಬೇಡಿ. ನಿಮ್ಮ ಸೊನ್ನೆ ಕಾಡಿನದಲ್ಲ, ಬಟ್ಟೆಯದು.

ಮೊದಲು ಹೊತ್ತು. ಡಿಸೆಂಬರಲ್ಲಿ ಏಳೂವರೆಗೆ ನಮ್ಮ ಕಡೆ ತರಗೆಲೆ ಮೇಲೆ ಇಬ್ಬನಿ ತೊಟ್ಟಿಕ್ತಿರುತ್ತೆ. ಒದ್ದೆ ಬಟ್ಟೆಗೆ ಉಣುಗು ಹಿಡಿಯಲ್ಲ. ಇಬ್ಬನಿ ಆರಿದ ಮೇಲೆ, ಅಂದ್ರೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ ಮುಗಿಸಿ. ಬಿಸಿಲೇರಿದ ಮೇಲೆ ಅವು ಒಣಗೋ ಭಯಕ್ಕೆ ಎಲೆಯಡಿಗೆ ಇಳಿದುಬಿಡ್ತಾವೆ.

ಎರಡನೇದು ಬಟ್ಟೆ. ಮಲ್ ನುಣುಪು, ಕಾಲು ಸಿಕ್ಕಿಕೊಳ್ಳಲ್ಲ. ಬಿಳಿ ಫ್ಲಾನೆಲ್ ತಗೊಳ್ಳಿ, ಅದರ ಜುಂಗಿಗೆ ಅವು ಅಂಟಿಕೊಳ್ತಾವೆ. ಮುಂದಿನ ಅಂಚಿಗೆ ಕೋಲು, ಹಿಂದಿನ ಅಂಚಿನ ಮಡಿಕೆಯೊಳಗೆ ಭಾರಕ್ಕೆ ತೆಳು ಸರಪಳಿ. ಇಲ್ಲದಿದ್ರೆ ಬಟ್ಟೆ ಹಾರ್ತಾ ಹೋಗುತ್ತೆ, ನೆಲ ಮುಟ್ಟಲ್ಲ. ಕುರುಚಲು ಪೊದೆಯಿದ್ದಲ್ಲಿ ಎಳೆಯೋದು ಬಿಟ್ಟು ಬಾವುಟದ ಹಾಗೆ ಮೇಲಿಂದ ಸವರಿ.

ನೂರು ಮೀಟರ್ ಒಂದೇ ಸಲಕ್ಕೆ ಎಳೆಯೋದೇ ದೊಡ್ಡ ತಪ್ಪು. ಹತ್ತಿದ್ದರಲ್ಲಿ ಎಷ್ಟೋ ದಾರಿಯಲ್ಲೇ ಉದುರಿ ಹೋಗಿರ್ತಾವೆ. ಪ್ರತಿ ಹತ್ತು ಮೀಟರಿಗೆ ನಿಂತು ಎರಡೂ ಮೈ ನೋಡಿ. ಅಂಥ ಹತ್ತು ಎಳೆತ ಸೇರಿದರೆ ನೂರು ಚದರ ಮೀಟರ್, ಲೆಕ್ಕ ಅದರ ಮೇಲೆ ಬರೀರಿ. ಕೆಲವರು ಒಬ್ಬರ ಒಂದು ಗಂಟೆಗೆ ಎಷ್ಟು ಅಂತ ಬರೀತಾರೆ. ಅದೂ ಸರಿ, ಆದ್ರೆ ಒಂದೇ ತಾಲ್ಲೂಕಲ್ಲಿ ಎರಡನ್ನೂ ಕಲಸಿದರೆ ಹೋಲಿಕೆಗೆ ಬರಲ್ಲ.

ಇನ್ನೊಂದು. ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಕಾಲಿಗೆ ಹಚ್ಚಿ, ಕಾಲುಚೀಲದೊಳಗೆ ಪ್ಯಾಂಟ್ ತುರುಕಿ. ಆದ್ರೆ ಎಣ್ಣೆ ಕೈಯಲ್ಲಿ ಬಟ್ಟೆ ಮುಟ್ಟಬೇಡಿ, ಆ ಬಟ್ಟೆ ಆ ದಿನಕ್ಕೆ ಕೆಟ್ಟ ಹಾಗೆ.

ಜಾಗ ಅಂದಾಜಿಗೆ ಆರಿಸಬೇಡಿ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು), ದನ ಕಾಡಿಗೆ ಹೋಗೋ ಹಾದಿ, ತೋಟದ ಅಂಚು, ಮಂಗ, ಮುಸಿಯ (ಕರಿಮೂತಿಯ ಉದ್ದ ಬಾಲದ ಮಂಗ) ರಾತ್ರಿ ಕೂರೋ ಮರದ ಬುಡ, ಮಂಗ ಸತ್ತ ಜಾಗದ ಸುತ್ತು. ಜನ ದರಗು ಗುಡಿಸೋದೂ ಅಲ್ಲೇ ತಾನೆ.

ಸೂಕ್ಷ್ಮ

ಆ ಇನ್ನೂರರ ಬಗ್ಗೆ. ಅವು ಅರ್ಧ ಮಿಲಿಮೀಟರ್ ಗಾತ್ರದ, ಆರು ಕಾಲಿನ ಲಾರ್ವಾಗಳಾಗಿರುವ ಸಂಭವವೇ ಹೆಚ್ಚು. ಒಂದು ತಾಯಿಯ ಮೊಟ್ಟೆಗಳು ಒಡೆದಲ್ಲೇ ಗುಂಪಾಗಿ ಕೂರುತ್ತವೆ. ಅದನ್ನು ಸರಾಸರಿಗೆ ಸೇರಿಸಿದರೆ ಊರಿನ ಅಂಕಿಯೇ ಸುಳ್ಳಾಗುತ್ತದೆ. ಹಂತವಾರು ಬೇರೆ ಬೇರೆ ಬರೆಯಿರಿ.

ಇದು ಬರೀ ಲೆಕ್ಕದ ಮಾತಲ್ಲ. ಇಲ್ಲಿ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಗೆರಾ. ಮಳೆಗಾಲದಲ್ಲಿ ದೊಡ್ಡ ಉಣುಗು, ಮಳೆ ಮುಗಿದ ಮೇಲೆ ಲಾರ್ವಾ, ಡಿಸೆಂಬರ್‌ನಿಂದ ಮೇ ತನಕ ಎಂಟು ಕಾಲಿನ ನಿಂಫ್ (ಲಾರ್ವಾ ಬೆಳೆದ ಮುಂದಿನ ಹಂತ). ಲಾರ್ವಾ ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುವಾಗ ಸೋಂಕು ಹಿಡಿಯುತ್ತದೆ, ನಿಂಫ್ ಆದ ಮೇಲೆ ಮನುಷ್ಯನಿಗೆ ದಾಟಿಸುತ್ತದೆ. ಹಾಗಾಗಿ ಅಪಾಯ ಅಳೆಯಲು ನಿಂಫ್ ಎಣಿಸಿ. ಡಿಸೆಂಬರ್ ಮೊದಲ ವಾರ ಅದಕ್ಕೆ ತೀರಾ ಬೇಗ. ಅದೇ ಜಾಗಗಳಲ್ಲಿ ಜನವರಿ, ಫೆಬ್ರುವರಿ, ಮಾರ್ಚ್‌ನಲ್ಲಿ ಮತ್ತೆ ಎಳೆಯಲೇಬೇಕು.

ಕೊಟ್ಟಿಗೆಯ ಉಣುಗು ಹೆಚ್ಚಾಗಿ ರಿಪಿಸೆಫಲಸ್ ಮೈಕ್ರೋಪ್ಲಸ್ ಜಾತಿಯದು. ಲಾರ್ವಾದಿಂದ ದೊಡ್ಡದಾಗುವವರೆಗೂ ಒಂದೇ ದನದ ಮೇಲೆ ಇರುತ್ತದೆ, ಬಟ್ಟೆಗೆ ಬರುವುದೇ ಅಪರೂಪ. ಲೆನ್ಸಿನಲ್ಲಿ ನೋಡಿ: ಹೀಮಾಫೈಸಾಲಿಸ್‌ಗೆ ಕಣ್ಣಿಲ್ಲ, ಬಾಯಿಯ ಪಕ್ಕದ ಪ್ಯಾಲ್ಪ್‌ನ ಎರಡನೇ ಗೆಣ್ಣು ಹೊರಕ್ಕೆ ಚಾಚಿರುತ್ತದೆ. ಹಾಗಂತ ದನ ನಿರಪರಾಧಿ ಅಲ್ಲ. ವೈರಸ್ ಸಾಕುವುದಿಲ್ಲ, ಆದರೆ ಮಳೆಗಾಲದಲ್ಲಿ ದೊಡ್ಡ ಸ್ಪಿನಿಗೆರಾಕ್ಕೆ ರಕ್ತ ಕೊಟ್ಟು ಮುಂದಿನ ಪೀಳಿಗೆ ಬೆಳೆಸುವುದು ಅದೇ. (ಉಣುಗು ಕೀಟ ಅಲ್ಲ, ಜೇಡದ ಬಳಗ. ಫಾರ್ಮಿನಲ್ಲಿ ಕೀಟ ಅಂತ ಅಚ್ಚಾಗಿದ್ದರೆ ಅದಕ್ಕೆ ಜಗಳ ಬೇಡ.)

ಸ್ಪಿರಿಟ್: ಜಾತಿ ಗುರುತಿಸಲು ಮಾತ್ರ 70% ಆಲ್ಕೋಹಾಲ್. ಅದರಲ್ಲಿ ವೈರಸ್ ಸಾಯುತ್ತದೆ, ಬೇರ್ಪಡಿಸಿ ಬೆಳೆಸಲು ಆಗುವುದಿಲ್ಲ. ವೈರಸ್ ಪರೀಕ್ಷೆಗೆ ಜೀವಂತವಾಗಿ ಕಳಿಸಿ: ಸಣ್ಣ ವಯಲ್, ಒಳಗೆ ತೇವದ ಫಿಲ್ಟರ್ ಪೇಪರ್ ತುಂಡು, ಬಾಯಿಗೆ ಬಿಗಿ ಹತ್ತಿ, ಹೊರಗೆ ಇನ್ನೊಂದು ಡಬ್ಬಿ. ಒಳಗೆ ನೀರು ನಿಲ್ಲಬಾರದು. ಬೆರಳಲ್ಲಿ ಹಿಸುಕಬೇಡಿ, ಸಪೂರ ಚಿಮಟ ಬಳಸಿ. ಚೀಟಿ ಪೆನ್ಸಿಲ್‌ನಲ್ಲಿ ಬರೆದು ಒಳಗೇ ಹಾಕಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಜಾಗ, ಹಂತ, ಜಾತಿ ಬೇರೆಯಾದರೆ ವಯಲ್ಲೂ ಬೇರೆ.

ಫಲಿತಾಂಶ ಓದುವಾಗಲೂ ಎಚ್ಚರ. ಹತ್ತು ಹತ್ತರಂತೆ 300 ನಿಂಫ್‌ಗಳನ್ನು 30 ಗುಂಪು ಮಾಡಿ ಅರೆದರು, ಎರಡು ಗುಂಪು ಪಾಸಿಟಿವ್ ಬಂತು ಅಂದುಕೊಳ್ಳಿ. ಇಪ್ಪತ್ತು ಉಣುಗಿಗೆ ಸೋಂಕು ಅಂತ ಅಲ್ಲ. ಗುಂಪಿಗೆ ಕನಿಷ್ಠ ಒಂದು ಅಂತ ಹಿಡಿದು ಸಾವಿರಕ್ಕೆ 6.7 ಎಂದು ಬರೆಯಬೇಕು.

ಮುಸಿಯ

ಮಂಗ ಸತ್ತದ್ದು ಕಂಡರೆ ಬಟ್ಟೆ ಹಿಡಿದು ಸೀದಾ ನುಗ್ಗಬೇಡಿ. ಹೆಣ ತಣ್ಣಗಾಗ್ತಿದ್ದ ಹಾಗೆ ಉಣುಗು ಇಳಿದು ಸುತ್ತ ಹರಡಿರ್ತವೆ. ಅರಣ್ಯದವರು, ಪಶುವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರ, ಮೂವರಿಗೂ ತಿಳಿಸಿ. ಸುತ್ತ 50 ಮೀಟರ್‌ಗೆ ಮೆಲಾಥಿಯಾನ್ ಪುಡಿ ಹೊಡೆಯೋ ಕ್ರಮ ಇದೆ. ರಕ್ಷಣೆಯ ಉಡುಪು ಇದ್ದವರು ಉಣುಗು ಸಂಗ್ರಹ ಪುಡಿಗೆ ಮೊದಲೇ ಮಾಡಿಕೊಳ್ಳಬೇಕು. ಪುಡಿ ಬಿದ್ದ ಮೇಲೆ ಎಳೆದು ಸೊನ್ನೆ ಅಂತ ಬರೆಯೋದು ಯಾತಕ್ಕೂ ಬರಲ್ಲ. ಕೊಳೆತ ಹೆಣದ ಮಾದರಿ ಪರೀಕ್ಷೆಗೆ ಆಗದಿದ್ದರೂ ಜಾಗದ ಗುರುತು ನಕ್ಷೆಗೆ ಬೇಕು.

ಮಂಗ ಸಾಯದೇ ಇದ್ದರೂ ಜನರಿಗೆ ಜ್ವರ ಬರಬಹುದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಕಾಯಿಲೆ 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಜೋರಾಗಿ ಎದ್ದಿತು. ಹಾಗಾಗಿ ಉಣುಗಿನ ಪಟ್ಟಿ ಪಕ್ಕದಲ್ಲೇ ಜ್ವರದ ಪಟ್ಟಿ ಇಡಿ. ಕಾಡಿಗೆ ಹೋಗಿ ಬಂದವರಿಗೆ ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಮೊದಲ ದಿನಗಳಲ್ಲೇ ರಕ್ತ ಆರ್‌ಟಿ-ಪಿಸಿಆರ್‌ಗೆ ಹೋಗಲಿ. ತಡವಾಗಿ ಬಂದವರಿಗೆ ಐಜಿಎಂ ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕೋ ಪರೀಕ್ಷೆ) ಸಹ. ಹಳೆ ಲಸಿಕೆ ಕಾರ್ಡ್ ತೋರಿಸಿದರೂ ಬಿಡಬೇಡಿ, ಆ ಲಸಿಕೆ 2022ರಲ್ಲೇ ನಿಂತಿದೆ.

ಕಾನಂಚು

ಅಂದ್ರೆ ಡಿಸೆಂಬರಿನ ಅಂಕಿ ಪೂರ್ತಿ ಬಿಸಾಡಬೇಕಾ? ಮತ್ತೆ ಇದೇ ತಂಡಕ್ಕೆ ಡೆಂಗಿ ಸೊಳ್ಳೆಯ ಲಾರ್ವಾ ಸಮೀಕ್ಷೆಯನ್ನೂ ಇದೇ ಫಾರ್ಮಲ್ಲಿ ಸೇರಿಸಿ ಅಂತಿದಾರೆ.

ದರಗು

ಬಿಸಾಡಬೇಡಿ. ಹೊತ್ತು, ಬಟ್ಟೆ, ಇಬ್ಬನಿ ಇತ್ತು ಅಂತ ಷರಾದಲ್ಲಿ ಬರೆದಿಡಿ. ಸೊನ್ನೆ ಬದಲು "ಸಿಗಲಿಲ್ಲ" ಅಂತ ಬರೀರಿ.

ಡೆಂಗಿಗೆ ಫಾರ್ಮೇ ಬೇರೆ. ಅಲ್ಲಿ ಲೆಕ್ಕ ಮನೆ ಮತ್ತು ಪಾತ್ರೆ ಮೇಲೆ: ನೂರು ಮನೆಗೆ ಲಾರ್ವಾ ಇರೋ ಪಾತ್ರೆ ಎಷ್ಟು ಅನ್ನೋದು ಬ್ರಟೋ ಸೂಚ್ಯಂಕ. ನಮ್ಮಲ್ಲಿ ಡ್ರಮ್ಮು, ಟೈರು ನೋಡಿ ವಾಪಸ್ ಬಂದುಬಿಡ್ತಾರೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯೋ ಕಪ್, ಟಾರ್ಪಾಲಿನ ಮಡಿಕೆ ನೋಡಲ್ಲ. ಅಡಿಕೆ ಹಾಳೆಯಲ್ಲಿ ನಿಂತ ಒಂದು ಲೋಟ ನೀರು ಸೊಳ್ಳೆ ಮರಿಗೆ ಧಾರಾಳ ಸಾಕು.

ಕಾನಂಚು

ಫ್ಲಾನೆಲ್ ತೊಳೆಯೋದು ಹೇಗೆ? ಒಂದು ಊರಿನದು ಇನ್ನೊಂದಕ್ಕೆ ಹೋಗಬಾರದಲ್ಲ.

ಸೂಕ್ಷ್ಮ

ಊರಿಗೊಂದು ಬಟ್ಟೆ, ಸಂಜೆ ಕುದಿಯುವ ನೀರಿಗೆ. ತಣ್ಣೀರಿನಲ್ಲಿ ನೆನೆಸಿಟ್ಟರೆ ಅವು ಸಾಯುವುದಿಲ್ಲ. ಘಮದ ಪುಡಿ ಬೇಡ. ಪೂರ್ತಿ ಒಣಗಿದ ಮೇಲೆ ಜಿಪ್ ಇರುವ ಚೀಲದಲ್ಲಿ ಹಾಕಿ ಊರಿನ ಹೆಸರು ಬರೆದಿಡಿ.