ಹಳೇ ರಮ್‌ನ ರುಚಿ ಅಳೆಯೋದು ಹೇಗೆ?

ವಿದ್ಯಾನಗರ, ಹುಬ್ಬಳ್ಳಿ:
ಭಾವ ದುಬೈನಿಂದ ಬರುವಾಗ ಎರಡು ಬಾಟಲಿ ತಂದಿದ್ದರು. ಒಂದು ಜಮೈಕಾದ ಆಪಲ್‌ಟನ್ 12, ಇನ್ನೊಂದು ಗ್ವಾಟೆಮಾಲಾದ ಝಕಾಪಾ 23. ಶನಿವಾರ ನಾಲ್ಕು ಜನ ಕೂತು, ನೀರು ಕೋಲಾ ಏನೂ ಬೆರೆಸದೆ ಕುಡಿದೆವು. ಉಳಿದ ಮೂವರೂ 23 ಅಂದರು. ಸಿಹಿ, ಮೆತ್ತಗೆ, ಗಂಟಲು ಉರಿಯಲ್ಲ ಅಂತ. ನನಗೆ 12 ಹಿಡಿಸಿತು. ಮೊದಲು ಖಾರ ಅನ್ನಿಸಿತು, ಆದರೆ ಊಟಕ್ಕೆ ಕೂರುವವರೆಗೂ ಬಾಯಲ್ಲೇ ಇತ್ತು. ಇಷ್ಟು ವರ್ಷ ಓಲ್ಡ್ ಮಾಂಕ್ ಬಿಟ್ಟು ಬೇರೆ ಕುಡಿದವನಲ್ಲ ನಾನು. ನನ್ನ ನಾಲಿಗೆ ತಪ್ಪಾ?

ಗದಗ:
ಬಣ್ಣ ನೋಡಿ ಅಣ್ಣಾ. ಕಪ್ಪಾದಷ್ಟೂ ಹಳೇದು.

ಸಪ್ತಾಪುರ, ಧಾರವಾಡ:
ಬಣ್ಣ ನಂಬಬೇಡಿ. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ 26 ವರ್ಷ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಪರೀಕ್ಷೆ ಮಾಡಿದವನು. ಕಾಕಂಬಿ ಹುಳಿ ಬರಿಸಿ ಬಟ್ಟಿ ಇಳಿಸಿದರೆ ಬರೋದು ನೀರಿನಂಥ ಬಿಳಿ ಸಾರಾಯಿ. ಓಕ್ ಪೀಪಾಯಿ ಅದಕ್ಕೆ ನಿಧಾನವಾಗಿ ಬಣ್ಣ ಕೊಡುತ್ತದೆ. ಸುಟ್ಟ ಸಕ್ಕರೆ ಬೆರೆಸಿದರೆ ಒಂದೇ ನಿಮಿಷ ಸಾಕು.

ಅಂಕಿಯನ್ನೂ ಸುಮ್ನೆ ಒಪ್ಪಬೇಡಿ. ಆಪಲ್‌ಟನ್‌ನಲ್ಲಿ 12 ಅಂದರೆ ಅದರಲ್ಲಿರುವ ಅತಿ ಎಳೆಯ ರಮ್‌ಗೂ 12 ವರ್ಷ. ಝಕಾಪಾ 23ರಲ್ಲಿ 6ರಿಂದ 23 ವರ್ಷದವರೆಗಿನ ರಮ್‌ಗಳು ಬೆರೆತಿವೆ. ಜಮೈಕಾದ ಸೆಕೆಯಲ್ಲಿ ಪೀಪಾಯಿ ಜೋರಾಗಿ ಕೆಲಸ ಮಾಡುತ್ತದೆ, ರಮ್ ಆವಿಯಾಗಿ ಹೋಗುವುದೂ ಜಾಸ್ತಿ. ಝಕಾಪಾದ ಪೀಪಾಯಿಗಳು ಸುಮಾರು 2,300 ಮೀಟರ್ ಎತ್ತರದ ತಂಪಿನಲ್ಲಿ ಇರುತ್ತವೆ. ಹಾಗಾಗಿ ವರ್ಷಕ್ಕೆ ವರ್ಷ ಹಚ್ಚಿ ನೋಡಿದರೆ ಲೆಕ್ಕ ಕೂಡುವುದಿಲ್ಲ.

ನಿಮಗೆ ಖಾರ ಅನ್ನಿಸಿದ್ದರಲ್ಲಿ ಮದ್ಯಸಾರದ ಪಾಲೂ ಇದೆ. ಆಪಲ್‌ಟನ್ 43 ಶೇಕಡಾ, ಝಕಾಪಾ 40. ಬಾಯಿ ಕಿರಿದಾದ ಲೋಟ ತೊಗೊಳ್ಳಿ. ಮೂಗು ಒಳಗೆ ತುರುಕಬೇಡಿ, ಬಾಯಿ ಸ್ವಲ್ಪ ತೆರೆದು ಮೂಸಿ. ಮೊದಲ ಗುಟುಕು ನಾಲಿಗೆಗೆ ರೂಢಿಯಾಗಲಿ ಅಂತ ಅಷ್ಟೇ. ಎರಡನೆಯದರಿಂದ ನೋಡಿ. ಜಮೈಕಾದ ರಮ್‌ನಲ್ಲಿ ನನಗೆ ಕಪ್ಪಾಗಿ ಕಳಿತ ಬಾಳೆಹಣ್ಣು ಸಿಗುತ್ತದೆ. ಆಮೇಲೆ ನಮ್ಮ ಪೇಡೆಯ ಹುರಿದ ಖೋವಾ, ಕೊನೆಗೆ ಕಟ್ಟಿಗೆಯ ಒಣ ಒಗರು. ಒಂದಾದ ಮೇಲೆ ಒಂದು ಬರಬೇಕು, ಅದೇ ನನ್ನ ಅಳತೆ. ಬರೀ ಸಿಹಿ ಬಂದು ಅಲ್ಲಿಗೇ ನಿಂತರೆ ನನಗೆ ಸಾಲದು. ಹಾಗಂತ ಒಗರೇ ತುಂಬಿ, ಕುದಿಸಿ ಕುದಿಸಿ ಕೆಟ್ಟ ಚಹಾದಂತಾದರೆ ಪೀಪಾಯಿಯಲ್ಲಿ ಜಾಸ್ತಿ ದಿನ ಬಿಟ್ಟಿದ್ದಾರೆ ಅಂತ.

ಹಾವೇರಿ:
ಸಿಹಿ ಬೆರೆಸಿದ್ದಾರಾ ಅಂತ ಮನೆಯಲ್ಲೇ ನೋಡಬಹುದಾ ಕಾಕಾ? ಒಂದು ಬಾಟಲಿಯಲ್ಲಿ ನಮ್ಮೂರ ಏಲಕ್ಕಿ ಹಾರದ ವಾಸನೆ ಸಿಕ್ಕು ಖುಷಿಪಟ್ಟಿದ್ದೆ. ಅದು ಪೀಪಾಯಿಯದಾ, ಬೆರೆಸಿದ್ದಾ ಅಂತ ಇವತ್ತಿಗೂ ತಲೆಯಲ್ಲಿದೆ.

ಸಪ್ತಾಪುರ, ಧಾರವಾಡ:
ಏಲಕ್ಕಿಯದು ಮೂಗಿನಿಂದಷ್ಟೇ ಹೇಳಲು ಆಗದು, ಓಕ್‌ನಿಂದಲೂ ಮಸಾಲೆ ವಾಸನೆ ಬರುತ್ತದೆ. ಸಿಹಿಗೆ ದಾರಿ ಇದೆ. ಎರಡು ಚಮಚ ರಮ್ ಸ್ಟೀಲ್ ತಟ್ಟೆಗೆ ಹಾಕಿ, ಒಲೆಯಿಂದ ದೂರ ಇಡಿ, ತಾನೇ ಆರಲಿ. ಅಂಟು ಉಳಿದರೆ ಸಕ್ಕರೆ ಇದೆ ಅಂತ. ಬಟ್ಟಿ ಇಳಿಸುವಾಗ ಸಕ್ಕರೆ ಮೇಲೆ ಬರುವುದಿಲ್ಲ, ಅಲ್ವಾ?

ವಿದ್ಯಾನಗರ, ಹುಬ್ಬಳ್ಳಿ:
ಕಾಕಾ, ಶನಿವಾರದ ಲೋಟಗಳನ್ನು ಬೆಳಗ್ಗೆ ತೊಳೆಯುವ ಮುಂಚೆ ಮೂಸಿದ್ದೆ. 12ರ ಲೋಟದಲ್ಲಿ ಒಣ ಕಟ್ಟಿಗೆಯ ವಾಸನೆ ಇನ್ನೂ ಇತ್ತು, ನೀವು ಹೇಳಿದ್ದು ಈಗ ಹೊಂದಿತು. ಬರುವ ಶನಿವಾರ ಬಾಟಲಿಗಳಿಗೆ ಪೇಪರ್ ಸುತ್ತಿ, ಅದೇ ಮೂವರಿಗೆ ಕೊಡುತ್ತೇನೆ. ಎರಡು ಸ್ಟೀಲ್ ತಟ್ಟೆ ಈಗಲೇ ತೆಗೆದಿಟ್ಟಿದ್ದೇನೆ.