ಸ್ವಂತದ ಸಣ್ಣ ವಿಧಿಗಳು ಮನಸ್ಸಿನ ನೋವಿಗೆ ನೆರವಾಗುತ್ತವೆಯೇ? – ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ): ಮೇಡಂ, ನಮಸ್ಕಾರ. ನವಲಗುಂದದಲ್ಲಿದ್ದ ನಮ್ಮ ತಾಯಿಯವರು ತೀರಿಕೊಂಡು ಹದಿನಾಲ್ಕು ತಿಂಗಳಾದವು. ಮಣ್ಣು ಕೊಟ್ಟ ದಿನದಿಂದ ಹಿಡಿದು ಶಿವಗಣಾರಾಧನೆ, ವರ್ಷದ ಪುಣ್ಯಸ್ಮರಣೆಯವರೆಗೆ ಯಾವುದಕ್ಕೂ ಕೊರತೆಯಾಗದಂತೆ ಎಲ್ಲವನ್ನೂ ನೆರವೇರಿಸಿದೆವು. ಆದರೆ ಆ ದಿನಗಳಲ್ಲೆಲ್ಲ ನಾನು ಬಂದವರಿಗೆ ಚಹಾ ಕೊಡುವುದು, ಅಡುಗೆಯವರಿಗೆ ಅಕ್ಕಿ, ಬೇಳೆ ಅಳೆದುಕೊಡುವುದು, ದೂರದಿಂದ ಬಂದವರಿಗೆ ಹಾಸಿಗೆ ಹಾಸುವುದು ಇದರಲ್ಲೇ ಮುಳುಗಿದ್ದೆ. ತವರಿನಿಂದ ತಂದ ಅವರ ಇಳಕಲ್ ಸೀರೆಗಳ ಗಂಟು ಕಪಾಟಿನಲ್ಲಿ ಹಾಗೆಯೇ ಇದೆ, ಬಿಚ್ಚಲು ಕೈ ಬರುತ್ತಿಲ್ಲ. ಮನೆಗೆಲಸ ನಡೆಯುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಆದರೆ ಸಂಜೆ ಐದಕ್ಕೆ, ಅವರು ದಿನಾಲೂ ಫೋನ್ ಮಾಡುತ್ತಿದ್ದ ಹೊತ್ತಿಗೆ, ಎದೆ ಭಾರವಾಗಿ ಯಾರೊಂದಿಗೂ ಮಾತನಾಡಲು ಆಗುವುದಿಲ್ಲ. ಮನಸ್ಸಿನಲ್ಲಿದ್ದುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸುಟ್ಟರೆ ಹಗುರಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಇದು ನಿಜವೇ?

ಉತ್ತರ (ಆಪ್ತಸಮಾಲೋಚಕಿ, ಧಾರವಾಡ): ನಮಸ್ಕಾರ, ಅಕ್ಕಾ. ನೀವು ಬರೆದಿರುವುದನ್ನು ಓದಿದಾಗ ನಿಮ್ಮ ದುಃಖ ತಡವಾಗಿ ಬಂದಿದೆ ಎನ್ನುವುದಕ್ಕಿಂತ, ಅದಕ್ಕೆ ಕುಳಿತುಕೊಳ್ಳಲು ಇಲ್ಲಿಯವರೆಗೆ ಜಾಗವೇ ಸಿಕ್ಕಿರಲಿಲ್ಲ ಎಂದು ನನಗೆ ಅನ್ನಿಸಿತು. ಸಮಾಜದ ವಿಧಿಗಳು ತೀರಿಕೊಂಡವರನ್ನು ಗೌರವದಿಂದ ಕಳುಹಿಸಿಕೊಡುತ್ತವೆ, ಚದುರಿದ ಬಂಧುಬಳಗವನ್ನು ಒಂದೆಡೆ ಕೂಡಿಸುತ್ತವೆ, ಊರಿಗೆ ಇಂಥವರ ಮನೆಯಲ್ಲಿ ಸಾವಾಗಿದೆ ಎಂದು ತಿಳಿಸುತ್ತವೆ. ಅವು ಬೇಕು. ಆದರೆ ಅವುಗಳಲ್ಲಿ ಮನೆಮಗಳ ಪಾಲಿಗೆ ಬರುವುದು ಬಹಳ ಸಲ ಕೆಲಸವೊಂದೇ. ಆದ್ದರಿಂದ ನಿಮ್ಮದೇ ಆದ ಒಂದು ಸಣ್ಣ ವಿಧಿಯನ್ನು ಈಗ ಮಾಡಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ, ಅದು ಹಿರಿಯರು ಮಾಡಿಸಿದ ಕಾರ್ಯಕ್ಕೆ ಅಗೌರವವೂ ಅಲ್ಲ.

ಕಾಗದದ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಜೀವನದ ಅತ್ಯಂತ ನೋವಿನ ಅನುಭವವನ್ನು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದ್ದರು. ನಡೆದದ್ದನ್ನೂ ಅದರಿಂದ ತಮಗಾದ ಭಾವನೆಗಳನ್ನೂ ಸೇರಿಸಿ ಬರೆದವರು ಬರೆದ ಕೂಡಲೇ ಹೆಚ್ಚು ಕುಗ್ಗಿದ್ದರು, ಆದರೆ ಮುಂದಿನ ತಿಂಗಳುಗಳಲ್ಲಿ ಉಳಿದವರಿಗಿಂತ ಕಡಿಮೆ ಸಲ ಆರೋಗ್ಯ ಕೇಂದ್ರಕ್ಕೆ ಹೋದರು. ನಂತರ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ಪ್ರಯೋಜನ ಸರಾಸರಿಯಲ್ಲಿ ಸಣ್ಣದೆಂದೂ, ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡ ಎಲ್ಲರಿಗೂ ಅದು ಕಾಣುವುದಿಲ್ಲವೆಂದೂ ತಿಳಿದುಬಂತು. ಹಾಗಾಗಿ ಬರೆಯಿರಿ, ಆದರೆ ಒಂದೇ ರಾತ್ರಿಯಲ್ಲಿ ಹಗುರಾಗಬೇಕೆಂಬ ನಿರೀಕ್ಷೆಯನ್ನು ಇಟ್ಟುಕೊಳ್ಳಬೇಡಿ. ಏನಾದರೂ ಗುಣವಿದ್ದರೆ ಅದು ಬರೆಯುವುದರಲ್ಲಿದೆ. ಬೆಂಕಿಯಲ್ಲಿ ಇದೆ ಎಂದು ನಾನು ಹೇಳಲಾರೆ. ಮಲಗುವ ಮುನ್ನ ಬರೆಯಬೇಡಿ. ಹಗಲಿನಲ್ಲಿ, ಬರೆದಾದ ಮೇಲೆ ಮನೆಯವರ್ಯಾರಾದರೂ ಜೊತೆಗಿರುವ ಹೊತ್ತಿನಲ್ಲಿ ಬರೆಯಿರಿ. ಕಾಗದವನ್ನು ಇಟ್ಟುಕೊಳ್ಳಬೇಕೆನಿಸಿದರೆ ಇಟ್ಟುಕೊಳ್ಳಿ, ಬೇಡವೆನಿಸಿದರೆ ಹರಿದು ಗಿಡದ ಬುಡದ ಮಣ್ಣಿನಲ್ಲಿ ಹುಗಿಯಿರಿ. ಉಣಕಲ್ ಕೆರೆಯಲ್ಲಿ ತೇಲಿಬಿಡುವವರನ್ನು ನಾನು ಕಂಡಿದ್ದೇನೆ, ದಯವಿಟ್ಟು ಅದನ್ನು ಮಾಡಬೇಡಿ.

ಆದರೆ ನಿಮಗೆ ನಾನು ಮೊದಲು ಹೇಳಬಯಸುವುದು ಕಾಗದದ ಬಗ್ಗೆ ಅಲ್ಲ, ಆ ಸೀರೆಗಳ ಗಂಟಿನ ಬಗ್ಗೆ. ನಿಮ್ಮ ದುಃಖ ಅದರಲ್ಲಿ ಕಟ್ಟಿಕೊಂಡು ಕುಳಿತಿದೆ. ನಮ್ಮ ಕಡೆ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ನಿಮಗೆ ಗೊತ್ತೇ ಇದೆ. ತಾಯಿಯ ಸೀರೆಗಳಲ್ಲಿ ಉಡಬಹುದಾದ ಒಂದೆರಡನ್ನು ಎತ್ತಿಟ್ಟು, ಸವೆದವುಗಳಿಂದ ಒಂದು ಕೌದಿ ಹೊಲಿಯಲು ನಿಮ್ಮಿಂದ ಸಾಧ್ಯವೇ ಎಂದು ಯೋಚಿಸಿ. ಹೊಲಿಗೆ ಬರದಿದ್ದರೆ ಹೊಲಿಯುವವರ ಪಕ್ಕದಲ್ಲಿ ಕುಳಿತು ಬಟ್ಟೆ ಕತ್ತರಿಸಿ ಜೋಡಿಸಿಕೊಟ್ಟರೂ ಆಯಿತು. ನಾನು ಇದನ್ನು ಸೂಚಿಸುವುದಕ್ಕೆ ಕಾರಣಗಳಿವೆ. ಈ ಕೆಲಸದಲ್ಲಿ ಕೈಗಳು ದುಡಿಯುತ್ತವೆ, ಕಣ್ಣೀರು ಬಂದರೂ ಸೂಜಿ ನಿಲ್ಲಬೇಕಾಗಿಲ್ಲ. ಒಬ್ಬೊಬ್ಬ ಅಕ್ಕತಂಗಿ, ಅತ್ತಿಗೆ, ಸೊಸೆ ಬಂದು ಪಕ್ಕದಲ್ಲಿ ಕುಳಿತಾಗ, ಈ ಸೀರೆ ಯಾವ ಜಾತ್ರೆಗೆ ತಂದದ್ದು, ಯಾರ ಮದುವೆಯಲ್ಲಿ ಉಟ್ಟದ್ದು ಎಂಬ ಮಾತು ತಾನಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೌದಿ ಒಂದು ದಿನ ಮುಗಿಯುತ್ತದೆ. ಮುಗಿದ ಮೇಲೆ ಅದನ್ನು ಕಪಾಟಿನಲ್ಲಿ ಇಡದೆ ಹೊದ್ದುಕೊಳ್ಳಬೇಕು ಅಥವಾ ಮೊಮ್ಮಕ್ಕಳಿಗೆ ಕೊಡಬೇಕು. ಸ್ವಂತದ ವಿಧಿ ಯಾವುದೇ ಇರಲಿ, ಅದು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಆರಂಭಿಸುವ ಮೊದಲೇ ನಿರ್ಧರಿಸಿಕೊಳ್ಳಿ ಎಂದು ನನ್ನ ಬಳಿ ಬರುವ ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಕೊನೆಯಿಲ್ಲದ ವಿಧಿಯು ದುಃಖವನ್ನು ಇಳಿಸುವುದರ ಬದಲು ಅದನ್ನು ಕಾಯುವ ಕೆಲಸವಾಗಿಬಿಡುತ್ತದೆ.

ಸಂಜೆ ಐದು ಗಂಟೆಯನ್ನು ತಪ್ಪಿಸಿಕೊಳ್ಳಲು ಪ್ರಯತ್ನಿಸಬೇಡಿ. ಆ ಹೊತ್ತಿಗೆ ಒಂದು ಕಪ್ ಚಹಾ ಮಾಡಿಕೊಂಡು, ತಾಯಿಗೆ ಹೇಳಬೇಕಾಗಿದ್ದ ಆ ದಿನದ ಸುದ್ದಿಯನ್ನು ಮನಸ್ಸಿನಲ್ಲೇ ಹೇಳಿ, ಚಹಾ ಮುಗಿದ ಕೂಡಲೇ ಎದ್ದು ನಿಮ್ಮ ಪರಿಚಯದ ಹಿರಿಯರೊಬ್ಬರಿಗೆ, ಫೋನಿಗಾಗಿ ಕಾಯುವವರು ಯಾರಾದರೂ ಇದ್ದೇ ಇರುತ್ತಾರೆ, ಅವರಿಗೆ ಕರೆ ಮಾಡಿ.

ಹದಿನಾಲ್ಕು ತಿಂಗಳು ಎಂಬ ಅವಧಿಯನ್ನು ನೋಡಿ ಹೆದರಬೇಡಿ. ದೀರ್ಘಕಾಲದ ಶೋಕವನ್ನು ಕಾಯಿಲೆಯೆಂದು ಪರಿಗಣಿಸಲು ಅಮೆರಿಕದ ಮನೋವೈದ್ಯರ ಸಂಘವು 2022ರಲ್ಲಿ ವಯಸ್ಕರಿಗೆ ಕನಿಷ್ಠ 12 ತಿಂಗಳು ಎಂದೂ, ವಿಶ್ವ ಆರೋಗ್ಯ ಸಂಸ್ಥೆಯು ಕನಿಷ್ಠ 6 ತಿಂಗಳು ಎಂದೂ ಅವಧಿಯನ್ನು ಇಟ್ಟಿವೆ. ಆದರೆ ತಿಂಗಳುಗಳ ಲೆಕ್ಕವೊಂದರಿಂದಲೇ ಅದು ತೀರ್ಮಾನವಾಗುವುದಿಲ್ಲ. ದಿನದ ಹೆಚ್ಚಿನ ಹೊತ್ತು ಅದೇ ಹಂಬಲದಲ್ಲಿ ಕಳೆಯುವುದು, ಸಾವನ್ನು ನಂಬಲಾಗದಿರುವುದು, ತನ್ನದೇ ಒಂದು ಭಾಗ ಸತ್ತಂತೆನಿಸುವುದು, ಮನೆ ಮತ್ತು ಕೆಲಸ ನಿಂತುಹೋಗುವುದು, ಇಂಥವು ಕೂಡಿರಬೇಕು. ನೀವು ಹೇಳಿದ್ದರಲ್ಲಿ ಅಷ್ಟು ಕಾಣುತ್ತಿಲ್ಲ. ಮುಂದೆ ಊಟ, ನಿದ್ದೆ ಕೆಟ್ಟರೆ ಅಥವಾ ಬದುಕೇ ಬೇಡವೆನಿಸಿದರೆ ಕೌದಿಯನ್ನು ಬದಿಗಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು.

ಅದೇ ಗೃಹಿಣಿ: ಧನ್ಯವಾದಗಳು, ಮೇಡಂ. ಇನ್ನೊಂದು ಮಾತು. ತಾಯಿಯ ಮನೆ ಮಾರುವ ವಿಷಯದಲ್ಲಿ ಅಣ್ಣನೊಂದಿಗೆ ಮನಸ್ತಾಪವಾಗಿ ಮಾತು ನಿಂತಿದೆ. ಇದಕ್ಕೂ ನಾನೊಬ್ಬಳೇ ಮಾಡಿಕೊಳ್ಳಬಹುದಾದ ವಿಧಿ ಇದೆಯೇ?

ಉತ್ತರ: ಇದು ಒಬ್ಬರೇ ಮಾಡುವ ವಿಧಿಯಿಂದ ಆಗುವುದಲ್ಲ. ಇಬ್ಬರ ನಡುವೆ ಮುರಿದದ್ದನ್ನು ಒಬ್ಬರು ಕೋಣೆಯಲ್ಲಿ ಕುಳಿತು ಜೋಡಿಸಿಕೊಂಡರೆ ಮನಸ್ಸಿಗೆ ಸಮಾಧಾನವಾಗಬಹುದು, ಮಾತು ಬರುವುದಿಲ್ಲ. ಆದರೆ ಇದಕ್ಕೆ ಹೊಸದೇನನ್ನೂ ಹುಡುಕಬೇಕಾಗಿಲ್ಲ. ದಸರೆಯ ದಿನ ಬನ್ನಿ ಹಿಡಿದು ಹೋದವರನ್ನು ನಮ್ಮ ಕಡೆ ಯಾರೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಹೇಳಿ ಅಣ್ಣನ ಕಾಲಿಗೆ ನಮಸ್ಕರಿಸಿದರೆ ಮೊದಲ ಮಾತು ಯಾರು ಆಡಬೇಕೆಂಬ ಹಟಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಆ ದಿನ ಮನೆಯ ವಿಷಯವನ್ನು ಎತ್ತಬೇಡಿ. ವ್ಯವಹಾರದ ಮಾತನ್ನು ಬೇರೆ ದಿನಕ್ಕೆ, ಬೇಕಿದ್ದರೆ ಹಿರಿಯರೊಬ್ಬರ ಮುಂದೆ ಇಟ್ಟುಕೊಳ್ಳಿ. ತಾಯಿಯ ಸೀರೆಯಲ್ಲಿ ಒಂದನ್ನು ಅತ್ತಿಗೆಗೆ ಒಯ್ದು ಕೊಡುವುದು ನಿಮ್ಮ ಮನಸ್ಸಿಗೆ ಒಪ್ಪಿದರೆ ಅದೂ ಒಳ್ಳೆಯದೇ.

ಪ್ರಶ್ನೆ (ನಿವೃತ್ತ ಬಸ್ ನಿರ್ವಾಹಕ, ಗದಗ): ನಾನು ಸಾರಿಗೆ ಸಂಸ್ಥೆಯಲ್ಲಿ ನಿರ್ವಾಹಕನಾಗಿದ್ದು ಈ ವರ್ಷ ನಿವೃತ್ತನಾದೆ. ಡಿಪೋದಲ್ಲಿ ಶಾಲು ಹೊದಿಸಿ, ಹಾರ ಹಾಕಿ ಬಹಳ ಪ್ರೀತಿಯಿಂದ ಬೀಳ್ಕೊಟ್ಟರು. ಆದರೂ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಸುಮ್ಮನೆ ಕುಳಿತಿರುತ್ತೇನೆ. ಖಾಕಿ ಬಟ್ಟೆ ಗೂಟಕ್ಕೆ ತೂಗುತ್ತಿದೆ. ಯಾರೂ ಸತ್ತಿಲ್ಲ, ಆದರೂ ಸೂತಕದಂತೆ ಅನ್ನಿಸುತ್ತದೆ. ಇದಕ್ಕೂ ವಿಧಿ ಎಂಬುದು ಇರುತ್ತದೆಯೇ, ಮೇಡಂ?

ಉತ್ತರ: ಇರುತ್ತದೆ, ಸರ್, ಇರಲೇಬೇಕು. ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸರು 1909ರಲ್ಲಿಯೇ ಬೇರೆ ಬೇರೆ ಸಮಾಜಗಳ ಹುಟ್ಟು, ಮದುವೆ, ಸಾವುಗಳ ಆಚರಣೆಗಳನ್ನು ಹೋಲಿಸಿ, ಮನುಷ್ಯ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಮೂರು ಹಂತಗಳಿರುತ್ತವೆ ಎಂದು ತೋರಿಸಿದರು. ಮೊದಲು ಹಳೆಯದರಿಂದ ಬಿಡಿಸಿಕೊಳ್ಳುವುದು, ನಂತರ ಅಲ್ಲಿಯೂ ಅಲ್ಲದೆ ಇಲ್ಲಿಯೂ ಅಲ್ಲದೆ ಹೊಸ್ತಿಲಲ್ಲಿ ನಿಲ್ಲುವುದು, ಕೊನೆಗೆ ಹೊಸ ಸ್ಥಾನದಲ್ಲಿ ಸೇರಿಕೊಳ್ಳುವುದು. ನಿಮ್ಮ ಶಾಲು, ಹಾರ, ಭಾಷಣಗಳು ಮೊದಲ ಹಂತವನ್ನು ಚೆನ್ನಾಗಿಯೇ ಮಾಡಿಕೊಟ್ಟವು. ನಮ್ಮ ಕಚೇರಿಗಳ ಬೀಳ್ಕೊಡುಗೆಗಳೆಲ್ಲ ಅಲ್ಲಿಗೇ ನಿಂತುಬಿಡುತ್ತವೆ. ಮರುದಿನದಿಂದ ನಿವೃತ್ತರನ್ನು ಯಾರು ಯಾವುದರೊಳಗೆ ಸೇರಿಸಿಕೊಳ್ಳಬೇಕು ಎಂಬುದಕ್ಕೆ ನಮ್ಮಲ್ಲಿ ಯಾವ ಪದ್ಧತಿಯೂ ಬೆಳೆದಿಲ್ಲ. ನೀವು ಹೊಸ್ತಿಲಲ್ಲಿ ನಿಂತಿದ್ದೀರಿ, ಅದಕ್ಕೇ ಸೂತಕದಂತೆ ಅನ್ನಿಸುತ್ತಿದೆ.

ಖಾಕಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಮನೆಯವರ ಎದುರಿಗೆ ಮಡಚಿ ಪೆಟ್ಟಿಗೆಯಲ್ಲಿಡಿ. ಆ ದಿನ ಮನೆಯಲ್ಲಿ ಒಂದು ಸಿಹಿ ಆಗಲಿ. ಅಂದು ನಿಮ್ಮ ಸೇವೆಯ ಒಂದೆರಡು ಪ್ರಸಂಗಗಳನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿ. ಡಿಪೋದ ಭಾಷಣಗಳಲ್ಲಿ ಬಾರದ ಸಂಗತಿಗಳು ಬಹಳ ಇರುತ್ತವೆ. ನಾಲ್ಕರ ಎಚ್ಚರವನ್ನು ಶತ್ರುವೆಂದು ತಿಳಿಯಬೇಡಿ. ಅಷ್ಟು ವರ್ಷ ದೇಹ ಕಲಿತ ಪಾಠ ಅದು, ನಿಧಾನವಾಗಿಯೇ ಬದಲಾಗುತ್ತದೆ. ಎಚ್ಚರವಾದ ಮೇಲೆ ಹಾಸಿಗೆಯಲ್ಲಿ ಕೂರದೆ ಮುಖ ತೊಳೆದು, ಬೆಳಕು ಹರಿದ ಕೂಡಲೇ ಭೀಷ್ಮ ಕೆರೆಯ ಕಡೆ ನಡೆದುಹೋಗಿ, ಸಾಧ್ಯವಿದ್ದರೆ ನಿಮ್ಮಂತೆಯೇ ನಿವೃತ್ತರಾದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮನಸ್ಸು ಬಂದಾಗ ಹೋಗುತ್ತೇನೆ ಎಂದು ಕಾಯಬೇಡಿ. ಖಿನ್ನತೆಯ ಚಿಕಿತ್ಸೆಯಲ್ಲಿ ನಾವು ಮೊದಲು ಕೆಲಸ, ಆಮೇಲೆ ಮನಸ್ಸು ಎಂಬ ಕ್ರಮವನ್ನೇ ಅನುಸರಿಸುತ್ತೇವೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೂ ಬೇಕಾಗುತ್ತಿತ್ತೆಂದು ಲೆಕ್ಕ ಹಾಕಿದ್ದರು. ಆದ್ದರಿಂದ ಎರಡು ವಾರದಲ್ಲಿ ಏನೂ ಆಗಲಿಲ್ಲವೆಂದು ಬಿಡಬೇಡಿ. ಮೂರನೆಯ ಹಂತಕ್ಕೆ, ವಾರದಲ್ಲಿ ಒಂದು ದಿನವಾದರೂ ನಿಮ್ಮನ್ನು ಕಾಯುವ ಒಂದು ಜವಾಬ್ದಾರಿ ಬೇಕು. ಊರೂರಿನ ದಾರಿ, ಬಸ್ಸಿನ ವೇಳೆ ನಿಮ್ಮಷ್ಟು ತಿಳಿದವರು ಓಣಿಯಲ್ಲಿ ಯಾರಿದ್ದಾರೆ? ಆಸ್ಪತ್ರೆಗೆ ಹೋಗಬೇಕಾದ ವೃದ್ಧರಿಗೆ ಜೊತೆಯಾಗುವುದರಿಂದ ಆರಂಭಿಸಬಹುದು.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ): ಇವೆಲ್ಲ ಮೂಢನಂಬಿಕೆಗೆ ಹಿಂಬಾಗಿಲು ತೆರೆದಂತೆ ಆಗುವುದಿಲ್ಲವೇ, ಮೇಡಂ?

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾದುದೇ. ಮಾರಿಷಸ್‌ನಲ್ಲಿ ನೆಲೆಸಿರುವ ಮರಾಠಿ ಹಿಂದೂ ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲು ಅವರನ್ನು ಆತಂಕಕ್ಕೆ ಒಳಪಡಿಸಿ, ಕೆಲವರಿಗೆ ಗುಡಿಯಲ್ಲಿ ಎಂದಿನ ಪೂಜೆ ಮಾಡಲು, ಉಳಿದವರಿಗೆ ಸುಮ್ಮನೆ ಕುಳಿತು ವಿಶ್ರಮಿಸಲು ಹೇಳಿದರು. ಪೂಜೆ ಮಾಡಿದವರ ಆತಂಕ ಅವರ ಮಾತಿನಲ್ಲಿಯೂ ಹೃದಯ ಬಡಿತದ ಅಳತೆಯಲ್ಲಿಯೂ ಹೆಚ್ಚು ಇಳಿದಿತ್ತು. ಪರಿಚಿತವಾದ, ಕ್ರಮಬದ್ಧವಾದ ಕ್ರಿಯೆಯು ಮನಸ್ಸಿಗೆ ಮುಂದೇನಾಗುತ್ತದೆ ಎಂಬ ಭರವಸೆಯನ್ನು ಕೊಡುತ್ತದೆ ಎಂಬುದು ಸಂಶೋಧಕರ ವಿವರಣೆ. ದೇವರನ್ನು ನಂಬದವರೂ ತಮ್ಮದೇ ಕ್ರಮವೊಂದನ್ನು ಕಟ್ಟಿಕೊಳ್ಳಬಹುದು. ಆದರೆ ಯಾರಾದರೂ ವಿಧಿಯ ಹೆಸರಿನಲ್ಲಿ ಹಣ ಕೇಳಿದರೆ, ಮಾಡದಿದ್ದರೆ ಕೇಡಾಗುತ್ತದೆಂದು ಹೆದರಿಸಿದರೆ ಅಥವಾ ಮಾತ್ರೆ ನಿಲ್ಲಿಸಲು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ (ತಾಯಿ, ಹಾವೇರಿ): ಪಿಯುಸಿ ಓದುತ್ತಿರುವ ನನ್ನ ಮಗ ಓದಲು ಕೂರುವ ಮುಂಚೆ ಪುಸ್ತಕಗಳನ್ನು ಒಂದೇ ರೀತಿ ಜೋಡಿಸಿ, ಮೇಜನ್ನು ಎಣಿಸಿ ಎಣಿಸಿ ಮುಟ್ಟುತ್ತಾನೆ. ತಪ್ಪಿದರೆ ಅವನ ಅಪ್ಪನಿಗೆ ಏನಾದರೂ ಆಗುತ್ತದೆಂದು ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಈಗ ನಮ್ಮನ್ನೂ ಎಣಿಸಲು ಹೇಳುತ್ತಾನೆ. ಇದೂ ಮನಸ್ಸನ್ನು ಶಾಂತಗೊಳಿಸುವ ವಿಧಿಯೇ?

ಉತ್ತರ: ಅಲ್ಲ, ತಾಯಿ, ಇದು ಬೇರೆ. ಗೀಳು ಕಾಯಿಲೆಯ ಲಕ್ಷಣಗಳು ಹೀಗೆಯೇ ಇರುತ್ತವೆ, ಆದರೂ ನೋಡದೆ ನಾನು ಖಚಿತವಾಗಿ ಹೇಳುವುದು ಸರಿಯಲ್ಲ. ಒಳ್ಳೆಯ ವಿಧಿಯನ್ನು ಒಂದು ದಿನ ಬಿಟ್ಟರೆ ಸ್ವಲ್ಪ ಕೊರತೆಯೆನಿಸಬಹುದು, ಭಯವಾಗುವುದಿಲ್ಲ. ಅದು ಮುಗಿದ ಮೇಲೆ ಮನುಷ್ಯ ತನ್ನ ಕೆಲಸಕ್ಕೆ ಹೋಗುತ್ತಾನೆ. ನಿಮ್ಮ ಮಗನದು ಭಯದಿಂದ ಹುಟ್ಟುತ್ತಿದೆ, ಎಷ್ಟು ಮಾಡಿದರೂ ಸರಿಯಾಯಿತು ಎನಿಸುತ್ತಿಲ್ಲ, ಮನೆಯವರನ್ನೂ ಒಳಗೆ ಎಳೆದುಕೊಳ್ಳುತ್ತಿದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲಿ ಹೋಗುತ್ತಿದ್ದರೆ ಅಥವಾ ಓದು ಕೆಡುತ್ತಿದ್ದರೆ ತಡಮಾಡಬೇಡಿ. ಬೈಯಬೇಡಿ, ಹಟವೆಂದು ತಿಳಿಯಬೇಡಿ, ಅವನಿಗೆ ಅದು ಬೇಕಾಗಿ ಮಾಡುತ್ತಿರುವುದಲ್ಲ. ನೀವು ಅವನ ಪರವಾಗಿ ಎಣಿಸುವುದನ್ನು ಮಾತ್ರ ಒಂದೇ ಸಲ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕಾಗುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಭಯ ಹುಟ್ಟಿಸುವ ಸಂದರ್ಭವನ್ನು ಸ್ವಲ್ಪಸ್ವಲ್ಪವೇ ಎದುರಿಸುತ್ತಾ, ಎಣಿಸದೆ ಇರುವುದನ್ನು ಕಲಿಸುತ್ತಾರೆ. ಅಗತ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಬರಬಹುದು, ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮೊದಲು ವಿಚಾರಿಸಬಹುದು. ಇಂದೇ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬರುವಾಗ ಮಗ ಯಾವ ಹೊತ್ತಿಗೆ, ಎಷ್ಟು ಸಲ, ಎಷ್ಟು ನಿಮಿಷ ಹೀಗೆ ಮಾಡುತ್ತಾನೆ ಎಂಬುದನ್ನು ಒಂದು ವಾರ ಬರೆದಿಟ್ಟುಕೊಂಡು ಬನ್ನಿ, ವೈದ್ಯರಿಗೆ ಬಹಳ ಅನುಕೂಲವಾಗುತ್ತದೆ.